ಸಿಸಿಎಲ್-2: ಕರೆಯನ್ನು ತಡೆಯಲು ಹೋದವರು

1983ರಲ್ಲಿ ಎರಡು ಪ್ರಯೋಗಾಲಯಗಳು ಒಂದೇ ವಸ್ತುವಿನ ಎರಡು ತುದಿ ಹಿಡಿದಿದ್ದವು. ಅದು ಒಂದೇ ಎಂಬುದು ಆಗ ಯಾರಿಗೂ ತಿಳಿಯುವಂತಿರಲಿಲ್ಲ. ಬಾಸ್ಟನ್‌ನಲ್ಲಿ ಚಾರ್ಲ್ಸ್ ಸ್ಟೈಲ್ಸ್ ಅವರ ತಂಡ, ರಕ್ತದ ಪ್ಲೇಟ್‌ಲೆಟ್‌ಗಳಿಂದ ಬರುವ ಬೆಳವಣಿಗೆ ಪ್ರಚೋದಕವನ್ನು ಇಲಿಯ ಜೀವಕೋಶಗಳಿಗೆ ಹಾಕಿದಾಗ ಎಚ್ಚೆತ್ತುಕೊಳ್ಳುವ ವಂಶವಾಹಿಗಳನ್ನು ಹುಡುಕುತ್ತಿತ್ತು. ಸಿಕ್ಕವುಗಳಲ್ಲಿ ಒಂದಕ್ಕೆ 'ಜೆಇ' ಎಂದು ಹೆಸರಿಟ್ಟಿತು. ಇತ್ತ ಮಿಲಾನ್‌ನಲ್ಲಿ ಆಲ್ಬರ್ಟೊ ಮಂಟೊವಾನಿ ಅವರ ಗುಂಪು ನೋಡಿದ್ದು ಕ್ಯಾನ್ಸರ್ ಕೋಶಗಳನ್ನು ಬೆಳೆಸಿದ ದ್ರವವನ್ನು. ಅದರಲ್ಲಿದ್ದ ಏನೋ ಒಂದು, ಮಾನೊಸೈಟ್ ಎಂಬ ಬಿಳಿರಕ್ತಕಣಗಳನ್ನು ತನ್ನತ್ತ ಸೆಳೆಯುತ್ತಿತ್ತು. ಗಡ್ಡೆಯೊಂದು ದೇಹದ ಕಾವಲುಗಾರರನ್ನು ತಾನೇ ಏಕೆ ಬರಮಾಡಿಕೊಳ್ಳಬೇಕು? ಆ ಪ್ರಶ್ನೆಗೆ ಜನ ಕಿವಿಗೊಟ್ಟದ್ದು ಬಹಳ ತಡವಾಗಿ.

1989ರಲ್ಲಿ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯ ಫ್ರೆಡರಿಕ್ ಕೇಂದ್ರದಲ್ಲಿ ತೇಯಿಜೊ ಯೊಶಿಮುರಾ ಮತ್ತು ಎಡ್ವರ್ಡ್ ಲಿಯೊನಾರ್ಡ್, ಮನುಷ್ಯನ ಮಿದುಳು ಗಡ್ಡೆಯ ಕೋಶಗಳಿಂದ, ಮಾನೊಸೈಟುಗಳನ್ನು ಸೆಳೆಯುವ ಪ್ರೋಟೀನೊಂದನ್ನು ಶುದ್ಧವಾಗಿ ಬೇರ್ಪಡಿಸಿದರು. 76 ಅಮೈನೊ ಆಮ್ಲಗಳ ಪುಟ್ಟ ಸರಪಳಿ. ಅದರ ಜೋಡಣೆ ಇಲಿಯ ಜೆಇಯನ್ನು ಹೋಲುತ್ತಿತ್ತು. ಆಗ ಅದು ಎಂಸಿಪಿ-1, ಅಂದರೆ ಮಾನೊಸೈಟ್ ಸೆಳೆಯುವ ಪ್ರೋಟೀನು-1, ಆಯಿತು. ಇಂಥ ಪ್ರೋಟೀನುಗಳು ಒಂದರ ಮೇಲೊಂದು ಸಿಕ್ಕು, 1992ರಲ್ಲಿ ಇಡೀ ಕುಟುಂಬಕ್ಕೆ ಕೀಮೊಕೈನ್ ಎಂಬ ಹೆಸರು ಬಿತ್ತು; 2000ದಲ್ಲಿ ಹೊಸ ನಾಮಕರಣ ಪದ್ಧತಿ ಬಂದಾಗ ಇದು ಸಿಸಿಎಲ್-2 ಎನಿಸಿಕೊಂಡಿತು.

ಕೆಲಸ ಹೀಗೆ: ಗಾಯವಾದ, ಸೋಂಕು ತಗುಲಿದ ಅಥವಾ ಕೊಬ್ಬು ತುಂಬಿದ ಅಂಗಾಂಶ ಸಿಸಿಎಲ್-2 ಸುರಿಸುತ್ತದೆ. ಅದು ರಕ್ತನಾಳದ ಒಳಗೋಡೆಯ ಸಕ್ಕರೆ ಸರಪಳಿಗಳಿಗೆ ಅಂಟಿಕೊಳ್ಳುತ್ತದೆ, ಮೂಲದ ಬಳಿ ಹೆಚ್ಚು, ದೂರ ಹೋದಂತೆ ಕಡಿಮೆ. ಬೆಲ್ಲದ ಜಾಡು ಹಿಡಿದ ಇರುವೆಯಂತೆ ಮಾನೊಸೈಟು ಆ ಏರಿಕೆಯನ್ನು ಅನುಸರಿಸಿ ನಾಳದಿಂದ ಹೊರಬೀಳುತ್ತದೆ. ಜಾಡು ಗ್ರಹಿಸುವ ಗ್ರಾಹಕ ಸಿಸಿಆರ್-2. ಅದು ಪತ್ತೆಯಾದದ್ದು 1994ರಲ್ಲಿ. ಹೊರಬಂದ ಮಾನೊಸೈಟುಗಳು ಮ್ಯಾಕ್ರೊಫೇಜ್‌ಗಳಾಗಿ ಕಸ ತಿನ್ನುತ್ತವೆ, ರೋಗಾಣು ಕೊಲ್ಲುತ್ತವೆ. ಕೆಲಸ ಮುಗಿದ ಮೇಲೂ ಕರೆ ನಿಲ್ಲದಿದ್ದರೆ ಅದೇ ದೀರ್ಘಕಾಲದ ಉರಿಯೂತ.

1998 ಈ ಕ್ಷೇತ್ರದ ಹಬ್ಬದ ವರ್ಷ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಸ್ರೇಲ್ ಚಾರೊ ಅವರ ತಂಡ, ಅಪಧಮನಿ ಕಟ್ಟಿಕೊಳ್ಳುವ ಗುಣವಿದ್ದ ಇಲಿಗಳಿಂದ ಸಿಸಿಆರ್-2 ತೆಗೆದುಹಾಕಿತು. ಬಾಸ್ಟನ್‌ನಲ್ಲಿ ಬ್ಯಾರೆಟ್ ರಾಲಿನ್ಸ್ ಮತ್ತು ಸಂಗಡಿಗರು ಸಿಸಿಎಲ್-2ರ ವಂಶವಾಹಿಯನ್ನೇ ಕಿತ್ತರು. ಎರಡೂ ಕಡೆ ನಾಳದ ಗೋಡೆಯ ಕೊಬ್ಬಿನ ದಿಬ್ಬಗಳು ಗಣನೀಯವಾಗಿ ಕುಗ್ಗಿದವು. ಬಾಸ್ಟನ್ ಇಲಿಗಳ ಮಹಾಪಧಮನಿಯಲ್ಲಿ ಕೊಬ್ಬಿನ ಶೇಖರಣೆ ಶೇ 83ರಷ್ಟು ಕಡಿಮೆ. ಕೊಲೆಸ್ಟರಾಲ್ ಎಷ್ಟೇ ಇರಲಿ, ಮಾನೊಸೈಟು ಬಾರದಿದ್ದರೆ ದಿಬ್ಬ ಬೆಳೆಯದು ಎಂಬಂತಿತ್ತು ಫಲಿತಾಂಶ. ಹೃದಯ, ಕೀಲು, ಮೂತ್ರಪಿಂಡ, ಮಿದುಳು ಎಂದು ಎಲ್ಲೆಲ್ಲಿ ಉರಿಯೂತವಿತ್ತೋ ಅಲ್ಲೆಲ್ಲ ಈ ಪ್ರೋಟೀನು ಕಾಣಸಿಗತೊಡಗಿತು. ಔಷಧ ಕಂಪನಿಗಳು ಇಷ್ಟು ಸ್ಪಷ್ಟ ಗುರಿಯನ್ನು ಬಿಡುವುದುಂಟೆ?

ಬಿಡಲಿಲ್ಲ. ಆದರೆ ಮನುಷ್ಯರಲ್ಲಿ ಕಥೆ ಬೇರೆಯಾಯಿತು. ಸಂಧಿವಾತದ ರೋಗಿಗಳಿಗೆ ಸಿಸಿಎಲ್-2ನ್ನು ಹಿಡಿದುಕೊಳ್ಳುವ ಪ್ರತಿಕಾಯ ಕೊಟ್ಟ ಪ್ರಯೋಗದ ವರದಿ 2006ರಲ್ಲಿ ಬಂತು: ಕೀಲುಗಳಿಗೆ ಯಾವ ಲಾಭವೂ ಇಲ್ಲ. ಕಾರ್ಲುಮ್ಯಾಬ್ ಎಂಬ ಇನ್ನೊಂದು ಪ್ರತಿಕಾಯವನ್ನು ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 46 ಮಂದಿಗೆ ಕೊಟ್ಟು ನೋಡಿದರು. ರಕ್ತದಲ್ಲಿ ಸಿಸಿಎಲ್-2 ಮೊದಲು ಇಳಿಯಿತು, ಆಮೇಲೆ ಚಿಕಿತ್ಸೆಗೆ ಮುಂಚೆ ಇದ್ದುದಕ್ಕಿಂತ ಹಲವು ಪಟ್ಟು ಏರಿಬಿಟ್ಟಿತು. ಗಡ್ಡೆಗಳು ಬಗ್ಗಲಿಲ್ಲ.

ನನಗೆ ಈ ಇಡೀ ಇತಿಹಾಸದಲ್ಲಿ ಅತಿ ಮುಖ್ಯವೆನಿಸುವುದು ಈ ಸೋಲೇ. ಸಿಸಿಎಲ್-2 ತಾನಾಗಿದ್ದರೆ ಬೇಗ ಕರಗಿಹೋಗುವ ಪುಟ್ಟ ಅಣು. ಪ್ರತಿಕಾಯಕ್ಕೆ ಅಂಟಿದರೆ ದೊಡ್ಡದಾಗಿ ರಕ್ತದಲ್ಲೇ ಉಳಿದುಬಿಡುತ್ತದೆ. ಜೀವಕೋಶಗಳೋ ಹೊಸದನ್ನು ಸುರಿಸುತ್ತಲೇ ಇರುತ್ತವೆ. ಇನ್ನೊಂದು ತೊಡಕು: ಗ್ರಾಹಕ ಸಿಸಿಆರ್-2 ಕೇವಲ ಗ್ರಹಿಸುವುದಿಲ್ಲ, ಹಿಡಿದದ್ದನ್ನು ಒಳಗೆಳೆದು ಚೊಕ್ಕ ಮಾಡುತ್ತದೆ ಕೂಡ. ಅದನ್ನು ಮುಚ್ಚಿದರೆ ಸಿಸಿಎಲ್-2ರ ಮಟ್ಟ ಏರುತ್ತದೆ. ವಂಶವಾಹಿಯನ್ನೇ ಕಿತ್ತ ಇಲಿಯಲ್ಲಿ ಸುರಿಸುವುದೇ ಇರಲಿಲ್ಲ. ರೋಗಿಯ ದೇಹದಲ್ಲಿ ಅದು ನಿಂತಿರಲಿಲ್ಲ. ಇಲಿಯ ಪ್ರಯೋಗ ಸುಳ್ಳಲ್ಲ, ಅದರ ಪ್ರಶ್ನೆಯೇ ಬೇರೆಯಿತ್ತು.

ಅಷ್ಟರಲ್ಲಿ ಪ್ರೋಟೀನಿನ ಕೆಲಸದ ಕಲ್ಪನೆಯೂ ಬದಲಾಗಿತ್ತು. ಸಂಶೋಧಕರಾದ ಎರಿಕ್ ಪ್ಯಾಮರ್ ಮತ್ತು ನತಾಲ್ಯಾ ಸೆರ್ಬಿನಾ 2006ರಲ್ಲಿ ತೋರಿಸಿದಂತೆ, ಸಿಸಿಆರ್-2 ಇಲ್ಲದ ಇಲಿಗಳಲ್ಲಿ ಮಾನೊಸೈಟುಗಳು ಮೂಳೆಮಜ್ಜೆಯಿಂದಲೇ ಸರಿಯಾಗಿ ಹೊರಬರುವುದಿಲ್ಲ. ಎಂದರೆ ಈ ಕರೆ ಕೊನೆಯ ಹೆಜ್ಜೆಗಷ್ಟೇ ಅಲ್ಲ, ಹೊರಡುವುದಕ್ಕೂ ಬೇಕು. ಅದರ ಪರಿಣಾಮ 2014ರಲ್ಲಿ ಬಾಸೆಲ್‌ನ ಪ್ರಯೋಗದಲ್ಲಿ ಕಣ್ಣಿಗೆ ಹೊಡೆಯುವಂತೆ ಕಂಡಿತು. ಸ್ತನ ಕ್ಯಾನ್ಸರ್ ಇದ್ದ ಇಲಿಗಳಿಗೆ ಸಿಸಿಎಲ್-2 ತಡೆ ಕೊಡುವವರೆಗೆ ಗಡ್ಡೆ ಹರಡುವುದು ತಗ್ಗಿತ್ತು. ಕೊಡುವುದನ್ನು ನಿಲ್ಲಿಸಿದೊಡನೆ ಮಜ್ಜೆಯಲ್ಲಿ ಕಟ್ಟಿಹಾಕಿದ್ದ ಮಾನೊಸೈಟುಗಳೆಲ್ಲ ಒಮ್ಮೆಗೇ ನುಗ್ಗಿ, ಶ್ವಾಸಕೋಶದ ಗಡ್ಡೆಗಳಿಗೆ ಹೊಸ ರಕ್ತನಾಳ ಒದಗಿಸಿದವು. ಇಲಿಗಳು ಬೇಗ ಸತ್ತವು.

ಸೋಂಕಿನ ಲೆಕ್ಕವೂ ಇದೆ. ಸಿಸಿಆರ್-2 ಇಲ್ಲದ ಇಲಿಗಳು ಲಿಸ್ಟೀರಿಯಾ ಬ್ಯಾಕ್ಟೀರಿಯಾಕ್ಕೆ ಬೇಗ ಸೋಲುತ್ತವೆ, ಕ್ಷಯದ ರೋಗಾಣುವನ್ನು ಹೆಚ್ಚು ಪ್ರಮಾಣದಲ್ಲಿ ಕೊಟ್ಟರೆ ಅದಕ್ಕೂ. ಕ್ಷಯ ಮನೆಮಾತಾಗಿರುವ ನಮ್ಮಂಥ ದೇಶದಲ್ಲಿ ಈ ದಾರಿಯನ್ನು ವರ್ಷಗಟ್ಟಲೆ ಮುಚ್ಚುವ ಮಾತ್ರೆ ಬಂದರೆ ವೈದ್ಯರು ಎರಡು ಸಲ ಯೋಚಿಸಬೇಕಾದೀತು.

ಯಕೃತ್ತಿನ ಕಥೆಯೂ ಸಂಧಿವಾತ, ಪ್ರಾಸ್ಟೇಟಿನ ಸೋಲಿನ ಜಾಡಿನದೇ. ಸಿಸಿಆರ್-2 ಮತ್ತು ಅದರ ಸೋದರ ಗ್ರಾಹಕ ಸಿಸಿಆರ್-5 ಎರಡನ್ನೂ ತಡೆಯುವ ಸೆನಿಕ್ರಿವಿರಾಕ್ ಮಾತ್ರೆ, ಕೊಬ್ಬಿನ ಯಕೃತ್ತು ಕಾಯಿಲೆಯ ಎರಡನೇ ಹಂತದ ಪ್ರಯೋಗದಲ್ಲಿ ಭರವಸೆ ಹುಟ್ಟಿಸಿ, ಮೂರನೇ ಹಂತದಲ್ಲಿ ಪರಿಣಾಮ ಕಾಣದೆ 2021ರಲ್ಲಿ ನಿಂತಿತು.

ಗುರಿಯಾಗಿ ಸೋತದ್ದು ಸೂಚಕವಾಗಿ ಸ್ವಲ್ಪ ಗೆದ್ದಿದೆ. ದೇಹದ ರಕ್ಷಣಾಪಡೆ ತನ್ನದೇ ಅಂಗಾಂಶಗಳ ಮೇಲೆ ಎರಗುವ ಲೂಪಸ್ ಕಾಯಿಲೆಯ ರೋಗಿಗಳ ಮೂತ್ರದಲ್ಲಿ ಸಿಸಿಎಲ್-2 ಏರುವುದು, ಮೂತ್ರಪಿಂಡದ ಉರಿಯೂತ ಉಲ್ಬಣಿಸುವುದಕ್ಕೆ ಎರಡರಿಂದ ನಾಲ್ಕು ತಿಂಗಳು ಮುಂಚೆಯೇ ಎಂದು ಒಹಾಯೊದ ಸಂಶೋಧಕರು 2005ರಲ್ಲಿ ವರದಿ ಮಾಡಿದ್ದರು.

ಹಾಗಾದರೆ ಹೃದಯ ಮತ್ತು ಮಿದುಳಿನ ಮಟ್ಟಿಗೆ ಈ ಗುರಿಯನ್ನು ಕೈಬಿಡಬೇಕೆ? ಮ್ಯೂನಿಕ್‌ನ ಸಂಶೋಧಕರು 2019ರಲ್ಲಿ ಲಕ್ಷಾಂತರ ಜನರ ವಂಶವಾಹಿ ಮಾಹಿತಿ ಜೋಡಿಸಿ ನೋಡಿದಾಗ, ಹುಟ್ಟಿನಿಂದಲೇ ಸಿಸಿಎಲ್-2 ಹೆಚ್ಚಿರುವಂಥ ವಂಶವಾಹಿ ಪಡೆದವರಲ್ಲಿ ಪಾರ್ಶ್ವವಾಯುವಿನ ಅಪಾಯ ಹೆಚ್ಚಿತ್ತು. ಅಲ್ಲಿನ ವ್ಯತ್ಯಾಸ ಸಣ್ಣದು, ಆದರೆ ಜೀವಮಾನವಿಡೀ ಕೆಲಸ ಮಾಡಿದ್ದು. ಸಂಧಿವಾತದ್ದೂ ಪ್ರಾಸ್ಟೇಟಿನದೂ ಕೆಲವೇ ವಾರ, ತಿಂಗಳುಗಳ ಪ್ರಯೋಗಗಳು. ನಡೆದದ್ದು ರೋಗ ಬಲಿತ ಮೇಲೆ. ಅಪಧಮನಿ ಕಾಯಿಲೆಯಲ್ಲಿ ಕರೆಯನ್ನು ಪೂರ್ತಿ ಅಡಗಿಸದೆ ತುಸು ತಗ್ಗಿಸಿ, ವರ್ಷಗಳ ಕಾಲ ಕಾದು, ಸೋಂಕಿನ ಮೇಲೂ ಕಣ್ಣಿಟ್ಟು ನೋಡುವ ಪ್ರಯೋಗವೇ ಬೇರೆ. ಅದರ ಖರ್ಚನ್ನು ಹೊರಲು ಕಂಪನಿಗಳು ಮುಂದೆ ಬರುವುದು ಸುಲಭವಲ್ಲ.