ಡಿಜಿಟಲ್ ಪ್ರಗತಿಯಲ್ಲಿ ಭಾರತಕ್ಕೆ 3ನೇ ಸ್ಥಾನವೋ, 97ನೇ ಸ್ಥಾನವೋ?

‘ಡಿಜಿಟಲೀಕರಣದಲ್ಲಿ ಭಾರತ ವಿಶ್ವಕ್ಕೇ 3ನೇ ಸ್ಥಾನ’ ಎಂಬ ಸಂದೇಶ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂತು ಎಂದುಕೊಳ್ಳಿ. ಮರುದಿನ ಇನ್ನೊಂದು ಗುಂಪಿನಲ್ಲಿ ‘ಭಾರತ 97ನೇ ಸ್ಥಾನದಲ್ಲಿದೆ, ಉಳಿದದ್ದೆಲ್ಲ ಬರೀ ಪ್ರಚಾರ’ ಎಂಬ ಸಂದೇಶ. ಎರಡರಲ್ಲಿ ಒಂದು ಸುಳ್ಳಿರಲೇಬೇಕು ಎಂದು ಅನ್ನಿಸುವುದು ಸಹಜ. ಆದರೆ ಎರಡೂ ಅಂಕೆಗಳು ನಿಜವೇ, ಎರಡೂ 2024ರ ವರದಿಗಳಲ್ಲಿ ಇರುವಂಥವೇ. ಅವು ಅಳೆದಿರುವುದು ಮಾತ್ರ ಬೇರೆ ಬೇರೆ.

ಈ ಅಂಕೆಗಳು ಎಲ್ಲಿಂದ ಬಂದವು?

3ನೇ ಸ್ಥಾನ ನೀಡಿದ್ದು ದೆಹಲಿಯ ಇಕ್ರಿಯರ್ ಸಂಶೋಧನಾ ಸಂಸ್ಥೆಯ 2024ರ ವರದಿ. ಅದು ಇಡೀ ದೇಶದ ಅರ್ಥವ್ಯವಸ್ಥೆಯನ್ನು ಒಟ್ಟಾಗಿ ನೋಡಿ ಹೇಳಿದ ಮಾತು. 140 ಕೋಟಿ ಜನರಿರುವ ದೇಶದಲ್ಲಿ ಒಟ್ಟು ಲೆಕ್ಕ ದೊಡ್ಡದಾಗಿಯೇ ಬರುತ್ತದೆ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶದಲ್ಲಿ 2,000 ಕೋಟಿಗೂ ಹೆಚ್ಚು ಯುಪಿಐ ವಹಿವಾಟು ನಡೆಯಿತು. ಆದರೆ ಅದೇ ಇಕ್ರಿಯರ್ ವರದಿಯಲ್ಲಿ, ಒಬ್ಬೊಬ್ಬ ಬಳಕೆದಾರನ ಮಟ್ಟದಲ್ಲಿ ನೋಡಿದಾಗ ಭಾರತಕ್ಕೆ ಜಿ20 ದೇಶಗಳ ನಡುವೆ ಸಿಕ್ಕಿದ್ದು 12ನೇ ಸ್ಥಾನ. ಫಾರ್ವರ್ಡ್‌ಗಳಲ್ಲಿ ಈ ಎರಡನೇ ಸಾಲು ಸಾಮಾನ್ಯವಾಗಿ ಇರುವುದಿಲ್ಲ.

97ನೇ ಸ್ಥಾನ ವಿಶ್ವಸಂಸ್ಥೆಯ ಇ-ಆಡಳಿತ ಸೂಚ್ಯಂಕದ್ದು. ಎರಡು ವರ್ಷಕ್ಕೊಮ್ಮೆ 193 ದೇಶಗಳನ್ನು ಹೋಲಿಸುವ ಈ ಪಟ್ಟಿಯಲ್ಲಿ 2024ರಲ್ಲಿ ಡೆನ್ಮಾರ್ಕ್ ಮೊದಲನೆಯದು. ಇದು ನೋಡುವುದು ಸರ್ಕಾರಿ ಸೇವೆಗಳು ಆನ್‌ಲೈನ್‌ನಲ್ಲಿ ಎಷ್ಟಿವೆ, ಅವು ಜನರಿಗೆ ತಲುಪುವ ಸ್ಥಿತಿ ಇದೆಯೇ ಎಂಬುದನ್ನು. ಇವೆರಡೂ ಸಾಲದೆಂಬಂತೆ, ಅದೇ 2024ರ ‘ನೆಟ್‌ವರ್ಕ್ ರೆಡಿನೆಸ್ ಇಂಡೆಕ್ಸ್’ ಭಾರತವನ್ನು 133 ದೇಶಗಳಲ್ಲಿ 49ನೇ ಸ್ಥಾನದಲ್ಲಿ ಇಟ್ಟಿದೆ.

ಹಾಗಾದರೆ ಅಳೆಯುವುದು ಏನನ್ನು?

ಇದನ್ನು ಅರ್ಥ ಮಾಡಿಕೊಳ್ಳಲು ಯುರೋಪಿಯನ್ ಒಕ್ಕೂಟದ ಡಿಜಿಟಲ್ ಆರ್ಥಿಕತೆ ಮತ್ತು ಸಮಾಜ ಸೂಚ್ಯಂಕ ಒಳ್ಳೆಯ ಉದಾಹರಣೆ. ‘ಡೆಸಿ’ ಎಂದು ಕರೆಯಲಾಗುವ ಇದು 2014ರಿಂದ ಬಳಕೆಯಲ್ಲಿದೆ. ಇದು ಒಕ್ಕೂಟದ ಸದಸ್ಯ ದೇಶಗಳಿಗೆ ಸಂಬಂಧಿಸಿದ್ದು, ಭಾರತ ಇದರಲ್ಲಿ ಇಲ್ಲ. 2022ರ ಆವೃತ್ತಿಯಲ್ಲಿ ನಾಲ್ಕು ವಿಭಾಗಗಳಿದ್ದವು, ಪ್ರತಿಯೊಂದಕ್ಕೂ ಶೇ 25ರಷ್ಟು ತೂಕ. ಈ ನಾಲ್ಕನ್ನೂ ನಮ್ಮ ಮಲ್ಪೆಯಲ್ಲಿ ನಿಂತು ನೋಡೋಣ.

1. ಸಂಪರ್ಕ: ಇಂಟರ್ನೆಟ್ ಇದೆಯೇ, ಅದರ ವೇಗ ಎಷ್ಟು? 2016ರಲ್ಲಿ ಮಲ್ಪೆ ಬೀಚ್‌ಗೆ ಉಚಿತ ವೈಫೈ ಬಂದಾಗ ‘ದೇಶದಲ್ಲೇ ಮೊದಲ ವೈಫೈ ಬೀಚ್’ ಎಂದು ಸುದ್ದಿಯಾಗಿತ್ತು. ಆ ಸುದ್ದಿ ಈ ಒಂದು ವಿಭಾಗಕ್ಕೆ ಮಾತ್ರ ಸೇರುತ್ತದೆ.

2. ವ್ಯಾಪಾರದಲ್ಲಿ ಬಳಕೆ: ಸಣ್ಣ ಉದ್ಯಮಗಳು ತಂತ್ರಜ್ಞಾನವನ್ನು ಕೆಲಸಕ್ಕೆ ಬಳಸುತ್ತಿವೆಯೇ? ಬಂಗುಡೆ, ಬೂತಾಯಿ ಮಾರುವಲ್ಲಿ ಕ್ಯೂಆರ್ ಕೋಡ್ ಇಟ್ಟುಕೊಳ್ಳುವುದು ಇದರ ಸರಳ ರೂಪ.

3. ಸಾರ್ವಜನಿಕ ಸೇವೆ: ಸರ್ಕಾರದ ಸೇವೆ ಮೊಬೈಲ್‌ನಲ್ಲಿ ಸಿಗುತ್ತದೆಯೇ? ಹೈದರಾಬಾದ್‌ನ ಇನ್‌ಕಾಯ್ಸ್ ಸಂಸ್ಥೆಯು ಉಪಗ್ರಹಗಳಿಂದ ಸಿಗುವ ಸಮುದ್ರದ ಉಷ್ಣತೆ ಮತ್ತು ಕ್ಲೋರೊಫಿಲ್ ಮಾಹಿತಿಯನ್ನು ನೋಡಿ, ಮೀನು ಸಿಗುವ ಸಾಧ್ಯತೆ ಇರುವ ಜಾಗಗಳನ್ನು ಮೀನುಗಾರರಿಗೆ ತಿಳಿಸುತ್ತದೆ.

4. ಜನರ ಕೌಶಲ್ಯ: ಇದನ್ನೆಲ್ಲ ತಾವೇ ಬಳಸಲು ಜನರಿಗೆ ಬರುತ್ತದೆಯೇ?

ಸರಾಸರಿಯ ಹಿಂದೆ ಅಡಗುವುದೇನು?

ವಿಶ್ವಸಂಸ್ಥೆಯ ಸೂಚ್ಯಂಕ ಮೂರು ಅಂಕಗಳ ಸರಾಸರಿ. 2018ರಲ್ಲಿ 1ಕ್ಕೆ ಭಾರತ ಪಡೆದ ಅಂಕಗಳು ಹೀಗಿದ್ದವು: ಆನ್‌ಲೈನ್ ಸೇವೆಗೆ 0.95, ದೂರಸಂಪರ್ಕ ಸೌಲಭ್ಯಕ್ಕೆ 0.20, ಮಾನವ ಸಂಪನ್ಮೂಲಕ್ಕೆ 0.55. ಸರಾಸರಿ 0.57. ಅಂದರೆ ಸರ್ಕಾರ ಸೇವೆಗಳನ್ನು ಆನ್‌ಲೈನ್‌ಗೆ ತಂದಿತ್ತು, ಅಲ್ಲಿಗೆ ಹೋಗುವ ದಾರಿ ಬಹಳ ಜನರಿಗೆ ಇರಲಿಲ್ಲ. 0.57 ಎಂಬ ಒಂದೇ ಸಂಖ್ಯೆ ನೋಡಿದವರಿಗೆ ಇದು ಗೊತ್ತಾಗುವುದಿಲ್ಲ.

ಸ್ಥಾನ ಕುಸಿದರೆ ದೇಶ ಹಿಂದೆ ಹೋಯಿತು ಎಂದರ್ಥವೇ?

ಅಲ್ಲ. 2018ರಲ್ಲಿ 96ನೇ ಸ್ಥಾನದಲ್ಲಿದ್ದ ಭಾರತ 2020ರಲ್ಲಿ 100ಕ್ಕೆ ಇಳಿಯಿತು. ಆದರೆ ಅದೇ ಅವಧಿಯಲ್ಲಿ ಅಂಕ 0.57ರಿಂದ 0.60ಕ್ಕೆ ಏರಿತ್ತು. ನಾವು ಮುಂದೆ ಹೋದೆವು, ಬೇರೆಯವರು ಇನ್ನೂ ಬೇಗ ಹೋದರು, ಅಷ್ಟೆ. ಯುರೋಪಿಯನ್ ಒಕ್ಕೂಟ 2023ರಿಂದ ಡೆಸಿಯನ್ನು ತನ್ನ ‘ಡಿಜಿಟಲ್ ದಶಕ’ ವರದಿಯೊಳಗೆ ಸೇರಿಸಿದೆ. ಈಗ ದೇಶಗಳಿಗೆ 1, 2, 3 ಎಂದು ಸ್ಥಾನ ಕೊಡುವ ಬದಲು, 2030ರ ಗುರಿಗೆ ಇನ್ನೆಷ್ಟು ದೂರ ಇದೆ ಎಂದು ನೋಡಲಾಗುತ್ತದೆ. ಶೇ 80ರಷ್ಟು ಜನರಿಗೆ ಮೂಲಭೂತ ಡಿಜಿಟಲ್ ಕೌಶಲ್ಯ ಇರಬೇಕು ಎಂಬುದು ಅಂಥ ಒಂದು ಗುರಿ. 2023ರಲ್ಲಿ ಅದು ಸುಮಾರು ಶೇ 56 ಮಾತ್ರ ಇತ್ತು. ಶ್ರೀಮಂತ ಯುರೋಪಿಗೂ ಕಷ್ಟವಾಗಿರುವುದು ಜನರ ಕೌಶಲ್ಯವೇ.

ಯಾರು ಲೆಕ್ಕದಿಂದ ಹೊರಗೆ ಉಳಿಯುತ್ತಾರೆ?

ಮೀನು ಮಾರುವ ಒಬ್ಬ ಮಹಿಳೆಯನ್ನು ಊಹಿಸಿಕೊಳ್ಳಿ. ಬುಟ್ಟಿಯ ಪಕ್ಕ ಕ್ಯೂಆರ್ ಕೋಡ್ ಇದೆ. ಖಾತೆ ಅವರದು, ಫೋನ್ ಮಗನದು. ಹಣ ಬಂತೇ ಎಂದು ತಿಳಿಯಲು ಮಗನಿಗೆ ಕರೆ ಮಾಡಬೇಕು. ವಹಿವಾಟಿನ ಲೆಕ್ಕದಲ್ಲಿ ಅವರು ಡಿಜಿಟಲ್ ಆಗಿದ್ದಾರೆ. ಕೌಶಲ್ಯದ ಲೆಕ್ಕದಲ್ಲಿ ಇಲ್ಲ. ಬ್ಯಾಂಕಿನವರೆಂದು ಹೇಳಿ ಯಾರಾದರೂ ಒಟಿಪಿ ಕೇಳಿದರೆ ಹಣ ಹೋಗುವುದು ಈ ಎರಡು ಲೆಕ್ಕಗಳ ನಡುವಿನ ಅಂತರದಲ್ಲೇ.

ಈ ಅಂತರ ಸಣ್ಣದಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಪುರುಷರಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದವರು ಶೇ 62.4, ಮಹಿಳೆಯರಲ್ಲಿ ಶೇ 35. ಆ ಬಳಿಕ ಬಳಕೆ ಹೆಚ್ಚಿದೆ. ಆದರೂ ‘ಒಮ್ಮೆ ಬಳಸಿದ್ದು’ ಮತ್ತು ‘ತಾನೇ ಬಳಸಲು ಬರುವುದು’ ಒಂದೇ ಅಲ್ಲ. ಪಿಂಚಣಿ, ಪಡಿತರ, ಬ್ಯಾಂಕ್ ಕೆಲಸಗಳೆಲ್ಲ ಫೋನಿಗೆ ಬರುತ್ತಿರುವಾಗ, ಬಳಸಲು ಬಾರದವರು ತಮ್ಮ ಹಕ್ಕಿಗೂ ಇನ್ನೊಬ್ಬರ ಕೈ ನೋಡಬೇಕಾಗುತ್ತದೆ.

ಫಾರ್ವರ್ಡ್ ಮಾಡುವ ಮೊದಲು ಏನು ನೋಡಬೇಕು?

• ಯಾವ ಸಂಸ್ಥೆಯ ವರದಿ, ಯಾವ ವರ್ಷದ್ದು? ಹೆಸರು, ವರ್ಷ ಎರಡೂ ಇಲ್ಲದಿದ್ದರೆ ನಂಬಬೇಡಿ.
• ಎಷ್ಟು ದೇಶಗಳಲ್ಲಿ ಈ ಸ್ಥಾನ? 20ರಲ್ಲಿ 12 ಮತ್ತು 193ರಲ್ಲಿ 97 ಬೇರೆ ಬೇರೆ ಮಾತು.
• ದೇಶದ ಒಟ್ಟು ಲೆಕ್ಕವೋ, ಒಬ್ಬ ವ್ಯಕ್ತಿಯ ಲೆಕ್ಕವೋ?
• ಸ್ಥಾನದ ಜೊತೆ ಅಂಕ ಏರಿದೆಯೇ, ಇಳಿದಿದೆಯೇ?

ಒಟ್ಟಾರೆ ಹೇಳುವುದಾದರೆ, ಭಾರತ 3ನೇ ಸ್ಥಾನದಲ್ಲಿದೆ ಎಂಬುದೂ 97ನೇ ಸ್ಥಾನದಲ್ಲಿದೆ ಎಂಬುದೂ ಆಯಾ ವರದಿಗಳ ಮಟ್ಟಿಗೆ ಸರಿ. ಯಾವುದೇ ಒಂದನ್ನು ಇಡೀ ದೇಶದ ಕತೆ ಎಂದು ಹಂಚಿದಾಗ ಅದು ದಾರಿ ತಪ್ಪಿಸುವ ಮಾಹಿತಿಯಾಗುತ್ತದೆ. ಇನ್ನೊಂದು ಮಾತು: ಯುರೋಪಿನಲ್ಲಿ ಡಿಜಿಟಲ್ ಕೌಶಲ್ಯ ಅಳೆಯುವಾಗ ಕೇಳುವ ಪ್ರಶ್ನೆಗಳಲ್ಲಿ ‘ಇಂಟರ್ನೆಟ್‌ನಲ್ಲಿ ನೋಡಿದ ಮಾಹಿತಿ ನಿಜವೇ ಎಂದು ಪರಿಶೀಲಿಸಿದ್ದೀರಾ?’ ಎಂಬುದೂ ಒಂದು. ಮುಂದಿನ ಸಲ ಇಂಥ ಸಂದೇಶ ಬಂದಾಗ ಈ ಪ್ರಶ್ನೆಯನ್ನು ನೀವೂ ಕೇಳಿಕೊಳ್ಳಿ.