ಚೀಸ್ ಹಾಕಿದ ತರಕಾರಿ ಊಟವೋ, ಪಲ್ಯವೋ?

ಕೊಲ್ಲಿಯಲ್ಲಿ ದುಡಿಯುವ ನಮಗೆ ಈ ತಿನಿಸು ಹೊಸದಲ್ಲ. ಹೂಕೋಸು, ಕ್ಯಾರೆಟ್, ಬೀನ್ಸ್, ಆಲೂಗಡ್ಡೆ ಬೇಯಿಸಿ, ಮೈದಾ ಮತ್ತು ಹಾಲಿನ ಬಿಳಿ ಸಾಸ್ ಸುರಿದು, ಮೇಲೆ ಚೀಸ್ ತುರಿದು, ಓವನ್‌ನಲ್ಲಿಟ್ಟು ಕೆಂಪಗೆ ಮಾಡಿದ್ದು. ಹೋಟೆಲ್ ಕೆಲಸದಲ್ಲಿರುವವರು ಔ ಗ್ರಾಟಿನ್ ಎನ್ನುತ್ತಾರೆ, ಆಸ್ಪತ್ರೆ ಕ್ಯಾಂಟೀನಿನಲ್ಲಿ ಅದು ಬೇಕ್ಡ್ ವೆಜಿಟೇಬಲ್, ಅಮೆರಿಕದಲ್ಲಿರುವ ನೆಂಟರ ಬಾಯಲ್ಲಿ ಕ್ಯಾಸರೋಲ್. ನಮ್ಮ ಮನೆಗಳಲ್ಲಿ ಕ್ಯಾಸರೋಲ್ ಎಂದರೆ ಚಪಾತಿ ಬಿಸಿಯಾಗಿಡುವ ಡಬ್ಬಿ. ಹಾಗಾಗಿ ಫೋನಿನಲ್ಲಿ ‘ಇವತ್ತು ಕ್ಯಾಸರೋಲ್ ತಿಂದೆವು’ ಎಂದರೆ ಊರಿನಲ್ಲಿರುವ ಅಜ್ಜಿ ಗಾಬರಿಯಾಗುವುದು ಸಹಜ.

ಇದು ಊಟವೋ, ಊಟದ ಜೊತೆ ನೆಂಚಿಕೊಳ್ಳುವುದೋ? ಹರಟೆಯ ಪ್ರಶ್ನೆಯಂತೆ ಕಂಡರೂ ಕ್ಯಾಂಪಿನ ಮೆಸ್ಸಿನಲ್ಲಿ ಇದಕ್ಕೆ ಬೆಲೆಯಿದೆ. ಕಾರ್ಡಿಗೆ ಒಂದು ಮೇನ್, ಎರಡು ಸೈಡ್ ಎಂಬ ಲೆಕ್ಕವಿರುವ ಕಡೆ ಮೇನ್ ಎಂದರೆ ಕೋಳಿ ಅಥವಾ ಮೀನು. ಮಾಂಸ ತಿನ್ನದವನ ತಟ್ಟೆಗೆ ಎರಡು ಸೈಡ್ ಬೀಳುತ್ತವೆ, ನಡುವಿನ ಜಾಗ ಖಾಲಿ. ಹನ್ನೆರಡು ಗಂಟೆಯ ಪಾಳಿ ಮಾಡುವವನಿಗೆ ಆ ಖಾಲಿ ಜಾಗ ತಮಾಷೆಯಲ್ಲ.

ನಮ್ಮ ಕಡೆಯ ಊಟದ ಲೆಕ್ಕ ಧಾನ್ಯದಿಂದ ಶುರುವಾಗುತ್ತದೆ. ಹಳೇ ಮೈಸೂರಿನಲ್ಲಿ ಮುದ್ದೆ, ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ, ಕರಾವಳಿಯಲ್ಲಿ ಕುಚ್ಚಲಕ್ಕಿ ಅನ್ನ. ಉಳಿದದ್ದೆಲ್ಲ ಕಲಸಿಕೊಳ್ಳಲು, ನೆಂಚಿಕೊಳ್ಳಲು. ಕೋಳಿ ಸಾರು ಎಷ್ಟೇ ಗಮಗಮ ಎಂದರೂ ಅದು ಮುದ್ದೆಗಾಗಿ ಮಾಡಿದ ಸಾರು. ಧಾನ್ಯವಿದ್ದರೂ ಎಲ್ಲವೂ ಊಟವಲ್ಲ ಎಂಬುದು ಇನ್ನೊಂದು ಸ್ವಾರಸ್ಯ. ಏಕಾದಶಿಯ ದಿನ ಎರಡು ತಟ್ಟೆ ಉಪ್ಪಿಟ್ಟು, ಮೇಲೊಂದು ಬಟ್ಟಲು ಮೊಸರವಲಕ್ಕಿ ಮುಗಿಸಿದ ಹಿರಿಯರು ‘ಇವತ್ತು ಊಟ ಬಿಟ್ಟಿದ್ದೇನೆ’ ಎನ್ನುತ್ತಾರೆ. ಅವರ ಮಟ್ಟಿಗೆ ಅದು ಸುಳ್ಳಲ್ಲ. ಉಪ್ಪಿಟ್ಟು ತಿಂಡಿ, ಅನ್ನ ಊಟ.

ಅಮೆರಿಕದವರ ತಟ್ಟೆಯ ನಡುವೆ ಕೂತಿರುವುದು ಮಾಂಸ. ತರಕಾರಿ, ಆಲೂಗಡ್ಡೆ, ಬ್ರೆಡ್ಡು ಸುತ್ತಲಿನ ಪರಿವಾರ. ಫ್ರಾನ್ಸಿನಲ್ಲಿ ಊಟದ ಮೊದಲಿಗೆ ಬರುವ ಪದಾರ್ಥಕ್ಕೆ ಹೇಳುವ ಆಂಟ್ರೆ ಎಂಬ ಮಾತು ಅಮೆರಿಕದ ಮೆನುವಿನಲ್ಲಿ ಮುಖ್ಯ ಪದಾರ್ಥದ ಹೆಸರಾಗಿದೆ. ಎರಡೂ ದೇಶದ ಅತಿಥಿಗಳಿಗೆ ಬಡಿಸುವ ನಮ್ಮ ಹೋಟೆಲ್ ಬಂಧುಗಳಿಗೆ ಈ ಗೊಂದಲ ಚೆನ್ನಾಗಿ ಗೊತ್ತು. ಆ ನಡುವಿನ ಜಾಗಕ್ಕೆ ಮಾಂಸದ ಬದಲು ಚೀಸ್ ಮತ್ತು ತರಕಾರಿ ಬಂದು ಕೂತದ್ದು ಯಾವಾಗ, ಯಾರ ಅಪ್ಪಣೆಯಿಂದ ಎಂದು ನೋಡಲು ಕ್ಯಾಲಿಫೋರ್ನಿಯಾದ ದಕ್ಷಿಣದ ಎರಡು ಊರುಗಳು, ಲಾಸ್ ಏಂಜಲೀಸ್ ಮತ್ತು ಸ್ಯಾನ್ ಡಿಯಾಗೋ, ಒಳ್ಳೆಯ ಜಾಗ. ಅಲ್ಲಿಂದ ಹೊರಟ ದಾರಿ ಕೊನೆಗೆ ನಮ್ಮ ಮೈಸೂರಿಗೇ ಬರುತ್ತದೆ.

ಮೊದಲ ಅಪ್ಪಣೆ ಧರ್ಮದ್ದು. 1769ರಲ್ಲಿ ಸ್ಪೇನಿನ ಪಾದ್ರಿಗಳು ಇಂದಿನ ಕ್ಯಾಲಿಫೋರ್ನಿಯಾ ರಾಜ್ಯದ ಮೊದಲ ಮಿಷನ್ ಕಟ್ಟಿದ್ದು ಸ್ಯಾನ್ ಡಿಯಾಗೋದಲ್ಲಿ. 1781ರಲ್ಲಿ ಲಾಸ್ ಏಂಜಲೀಸ್ ಊರಾಯಿತು. ಕ್ಯಾಥೊಲಿಕರಿಗೆ ಶುಕ್ರವಾರ ಮಾಂಸ ನಿಷಿದ್ಧ. ಅಮೆರಿಕದಲ್ಲಿ ಈ ನಿಯಮ ಸಡಿಲವಾದದ್ದು 1966ರಲ್ಲಿ. ದೊಡ್ಡ ಹಸಿರು ಮೆಣಸಿನಕಾಯಿಗೆ ಚೀಸ್ ತುಂಬಿ, ಮೊಟ್ಟೆಯಲ್ಲಿ ಅದ್ದಿ ಕರಿಯುವ ಮೆಕ್ಸಿಕನ್ನರ ಚಿಲೆ ರೆಯೆನೊ ಅಂಥ ದಿನಗಳಲ್ಲಿ ನೆಂಚಿಕೆಯಾಗಿ ಉಳಿಯುವುದಿಲ್ಲ, ಅದೇ ಊಟ. ನಮ್ಮ ಏಕಾದಶಿಯ ನೇರ ತಿರುವು: ನಾವು ಊಟ ಬಿಟ್ಟು ತಿಂಡಿ ತಿಂದೆವು ಎಂದು ಹೇಳಿಕೊಂಡರೆ, ಅವರು ಮಾಂಸ ಬಿಟ್ಟು ಚೀಸನ್ನೇ ಊಟವೆಂದು ಕರೆದರು.

ಎರಡನೆಯ ಅಪ್ಪಣೆ ಆಸ್ಪತ್ರೆಯದು. ಆಸ್ಪತ್ರೆಯ ಔಷಧಾಲಯದಲ್ಲಿ ನಿಂತು ಬದುಕುವ ನಮಗೆ ಈ ಭಾಗ ಹೆಚ್ಚು ಪ್ರಿಯ. 1904–05ರ ಹೊತ್ತಿಗೆ ಸೆವೆಂತ್ ಡೇ ಅಡ್ವೆಂಟಿಸ್ಟ್ ಪಂಥದವರು, ಎಲೆನ್ ವೈಟ್ ಎಂಬ ಹಿರಿಯ ಮಹಿಳೆಯ ಒತ್ತಾಯದಿಂದ, ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಮೂರು ಕಡೆ ಆರೋಗ್ಯಧಾಮಗಳನ್ನು ಕೊಂಡರು: ಸ್ಯಾನ್ ಡಿಯಾಗೋ ಪಕ್ಕದ ಪ್ಯಾರಡೈಸ್ ವ್ಯಾಲಿ, ಲಾಸ್ ಏಂಜಲೀಸ್ ಪಕ್ಕದ ಗ್ಲೆಂಡೇಲ್, ಸ್ವಲ್ಪ ಒಳನಾಡಿನ ಲೋಮಾ ಲಿಂಡಾ. ಇವರದು ಸಸ್ಯಾಹಾರದ ಬೋಧನೆ. ಆದರೆ ಬರುವ ರೋಗಿಗಳು ಮಾಂಸ ತಿಂದು ಬೆಳೆದವರು. ತಟ್ಟೆಯ ನಡುವೆ ಏನೂ ಇಲ್ಲದಿದ್ದರೆ ‘ನಮಗೆ ಊಟ ಕೊಡಲಿಲ್ಲ’ ಎನ್ನುವವರು. ಅದಕ್ಕೆ ಅಡ್ವೆಂಟಿಸ್ಟರ ಅಡುಗೆಯಲ್ಲಿ ಬೀಜಗಳನ್ನು ಅರೆದು ಅಚ್ಚಿನಲ್ಲಿ ಬೇಯಿಸಿದ ತುಂಡುಗಳು, ಮುಂದೆ ಕಾಟೇಜ್ ಚೀಸ್ ಬೆರೆಸಿ ಓವನ್‌ನಲ್ಲಿಟ್ಟ ಲೋಫ್‌ಗಳು ಬಂದವು. ಮಾಂಸದ ಆಕಾರ, ಮಾಂಸದ ಜಾಗ, ಮಾಂಸ ಮಾತ್ರ ಇಲ್ಲ. ತಟ್ಟೆಯ ವ್ಯಾಕರಣ ಮುರಿಯದೆ ಒಂದು ಪದವನ್ನಷ್ಟೇ ಬದಲಾಯಿಸಿದರು ಎನ್ನಬಹುದು.

ಮೀನಿನ ವಿಷಯ ಬೇಗ ಹೇಳಿ ಮುಗಿಸುತ್ತೇವೆ, ಕರಾವಳಿಯ ಓದುಗರು ಬೇಸರಿಸಬಾರದು. 1903ರಲ್ಲಿ ಲಾಸ್ ಏಂಜಲೀಸಿನ ಬಂದರು ಸ್ಯಾನ್ ಪೆಡ್ರೋದಲ್ಲಿ ಆಲ್ಬರ್ಟ್ ಹಾಫ್‌ಹಿಲ್ ಎಂಬವರು ಟ್ಯೂನಾ ಮೀನನ್ನು ಡಬ್ಬಿಗೆ ತುಂಬಿದರು. ಮುಂದೆ ಸ್ಯಾನ್ ಡಿಯಾಗೋವೂ ಟ್ಯೂನಾದ ದೊಡ್ಡ ಊರಾಯಿತು. ಕ್ಯಾಂಬೆಲ್ಸ್ ಕಂಪನಿಯ ಅಣಬೆ ಸೂಪಿನ ಡಬ್ಬಿ 1934ರಲ್ಲಿ ಬಂತು. ಎರಡು ಡಬ್ಬಿ ಒಡೆದು ನೂಡಲ್ಸ್ ಜೊತೆ ಬೇಕ್ ಮಾಡಿದರೆ ಟ್ಯೂನಾ ಕ್ಯಾಸರೋಲ್, ಯಾರೂ ತಕರಾರಿಲ್ಲದೆ ಒಪ್ಪಿದ ಮುಖ್ಯ ಊಟ. ಅದೇ ಪಾತ್ರೆಯಿಂದ ಮೀನು ತೆಗೆದು ಬೀನ್ಸ್ ಹಾಕಿದರೆ ಸೈಡ್. ಆ ಮೀನು ಹಿಡಿಯುತ್ತಿದ್ದವರಲ್ಲಿ ಟರ್ಮಿನಲ್ ಐಲೆಂಡಿನ ಜಪಾನಿ ಕುಟುಂಬಗಳೂ ಇದ್ದವು. 1942ರ ಫೆಬ್ರವರಿಯಲ್ಲಿ ನಲವತ್ತೆಂಟು ಗಂಟೆಯ ಗಡುವು ಕೊಟ್ಟು ಅವರನ್ನು ಎಬ್ಬಿಸಿದರು. ಪರದೇಶದಲ್ಲಿ ದುಡಿಯುವವರು ಈ ಸಾಲನ್ನು ಸುಮ್ಮನೆ ದಾಟಲಾರರು.

ಮೂರನೆಯ ಅಪ್ಪಣೆ ಬಡತನದ್ದು. 1931ರಲ್ಲಿ, ಆರ್ಥಿಕ ಕುಸಿತದ ನಡುವೆ, ಕ್ಲಿಫರ್ಡ್ ಕ್ಲಿಂಟನ್ ಎಂಬವರು ಲಾಸ್ ಏಂಜಲೀಸಿನ ಆಲಿವ್ ಬೀದಿಯಲ್ಲಿ ಕ್ಲಿಫ್ಟನ್ಸ್ ಎಂಬ ಕೆಫೆಟೇರಿಯಾ ತೆರೆದರು. ಹೆಸರು ತಮ್ಮದರಿಂದಲೇ ತುಂಡು ಮಾಡಿ ಜೋಡಿಸಿದ್ದು. ಅವರ ತಂದೆತಾಯಿ ಸಾಲ್ವೇಶನ್ ಆರ್ಮಿಯ ಸೇವಕರು. ಬಾಲ್ಯದಲ್ಲಿ ಅವರೊಂದಿಗೆ ಚೀನಾಕ್ಕೆ ಹೋದ ಹುಡುಗ ಹಸಿವನ್ನು ಕಣ್ಣಾರೆ ಕಂಡಿದ್ದ. ಕ್ಲಿಫ್ಟನ್ಸಿನ ನಿಯಮ: ಇಷ್ಟವಾದಷ್ಟು ಕೊಡಿ, ತೃಪ್ತಿಯಾಗದಿದ್ದರೆ ಕೊಡಬೇಡಿ. ಆರಂಭದ ಮೂರು ತಿಂಗಳಲ್ಲಿ ಹತ್ತು ಸಾವಿರ ಮಂದಿ ಪುಕ್ಕಟೆ ಉಂಡರು ಎಂಬುದು ಪ್ರಸಿದ್ಧ. 1935ರಲ್ಲಿ ಬ್ರಾಡ್‌ವೇಯಲ್ಲಿ ಇನ್ನೊಂದು ಶಾಖೆಯಾಯಿತು. ಇದೇ ಮನುಷ್ಯ ನಗರದ ಲಂಚಕೋರರ ಮೇಲೆ ಬಿದ್ದರು. 1937ರಲ್ಲಿ ಅವರ ಮನೆಗೆ ಬಾಂಬ್ ಇಟ್ಟರು, ಮರುವರ್ಷ ಮೇಯರ್ ಫ್ರಾಂಕ್ ಶಾ ಅವರನ್ನು ಜನರೇ ಮತ ಹಾಕಿ ಕೆಳಗಿಳಿಸಿದರು. ಅದು ಬೇರೆಯೇ ಕತೆ.

ಕೆಫೆಟೇರಿಯಾದ ಸಾಲಿನಲ್ಲಿ ಪ್ರತಿ ಪದಾರ್ಥಕ್ಕೂ ಬಿಡಿ ಬೆಲೆ. ಮೇನ್ ಯಾವುದು, ಸೈಡ್ ಯಾವುದು ಎಂದು ಮಾಲೀಕ ತೀರ್ಮಾನಿಸುವುದಿಲ್ಲ. ಟ್ರೇ ಹಿಡಿದವನ ಕಿಸೆ ತೀರ್ಮಾನಿಸುತ್ತದೆ. ಕಿಸೆ ತುಂಬಿದವನಿಗೆ ಚೀಸ್ ಹಾಕಿದ ಮ್ಯಾಕರೋನಿ ಮಾಂಸದ ಪಕ್ಕದ ಒಂದು ಸೌಟು, ಕೆಲಸ ಕಳೆದುಕೊಂಡವನಿಗೆ ಅದೇ ಒಂದು ಸೌಟು ಮಧ್ಯಾಹ್ನದ ಊಟ. ನಮ್ಮ ದರ್ಶಿನಿಗಳಲ್ಲಿ ಒಂದು ಪ್ಲೇಟ್ ಇಡ್ಲಿ ಒಬ್ಬರಿಗೆ ತಿಂಡಿ, ಇನ್ನೊಬ್ಬರಿಗೆ ರಾತ್ರಿಯ ಊಟ ಆದಂತೆ.

ನಂತರ ಯುದ್ಧ ಬಂತು, ಅಪ್ಪಣೆ ಸರ್ಕಾರದ್ದಾಯಿತು. 1943ರ ಮಾರ್ಚ್ 29ರಿಂದ ಅಮೆರಿಕದಲ್ಲಿ ಮಾಂಸ, ಬೆಣ್ಣೆ, ಚೀಸ್ ಪಡಿತರಕ್ಕೆ ಒಳಪಟ್ಟವು. ಸ್ಯಾನ್ ಡಿಯಾಗೋದ ವಿಮಾನ ಕಾರ್ಖಾನೆಗಳು ಪಾಳಿಯ ಮೇಲೆ ನಡೆಯುತ್ತಿದ್ದವು, ಹೆಂಗಸರೂ ಕೆಲಸಕ್ಕೆ ಇಳಿದಿದ್ದರು. 1937ರಲ್ಲಿ ಮಾರುಕಟ್ಟೆಗೆ ಬಂದಿದ್ದ ಕ್ರಾಫ್ಟ್ ಮ್ಯಾಕರೋನಿ ಚೀಸ್ ಪೊಟ್ಟಣ ಎರಡಕ್ಕೆ ಒಂದೇ ಪಡಿತರ ಪಾಯಿಂಟ್. ಪೊಟ್ಟಣದ ಹೆಸರೇ ಡಿನ್ನರ್! ಊರಿಗೆ ಹೋಗುವಾಗ ನಾವು ಸೂಟ್‌ಕೇಸಿನಲ್ಲಿ ತುರುಕುವ ನೀಲಿ ಚೀಸ್ ಡಬ್ಬಿಯ ಮೇಲಿರುವುದೂ ಇದೇ ಕ್ರಾಫ್ಟ್ ಹೆಸರು.

ಯುದ್ಧ ಮುಗಿದ ಮೇಲೆ, 1946ರಲ್ಲಿ, ಶಾಲಾ ಊಟದ ಕಾಯ್ದೆ ಬಂತು. ನಮ್ಮ ಪ್ರಶ್ನೆಗೆ ಕಾಗದದ ಮೇಲೆ ಉತ್ತರ ಸಿಕ್ಕಿದ್ದು ಇಲ್ಲೇ. ಪೂರ್ಣ ಊಟ ಎನಿಸಬೇಕಾದರೆ ಮಗುವಿನ ತಟ್ಟೆಯಲ್ಲಿ ಹಾಲು, ಹಣ್ಣು-ತರಕಾರಿ, ಬ್ರೆಡ್, ಬೆಣ್ಣೆಯ ಜೊತೆಗೆ ಎರಡು ಔನ್ಸ್, ಅಂದರೆ ಸುಮಾರು 57 ಗ್ರಾಂ, ಮಾಂಸ ಅಥವಾ ಮೀನು ಅಥವಾ ಚೀಸ್ ಇರಬೇಕು. ಇಲ್ಲವೇ ಒಂದು ಮೊಟ್ಟೆ, ಅರ್ಧ ಬಟ್ಟಲು ಬೇಯಿಸಿದ ಕಾಳು, ಅಥವಾ ನಾಲ್ಕು ಚಮಚ ಕಡಲೆಕಾಯಿ ಬೆಣ್ಣೆ. ಚೀಸ್ 57 ಗ್ರಾಂ ಇದ್ದರೆ ಅದು ಮಾಂಸಕ್ಕೆ ಸಮ. ಮೇಲೆ ಬಣ್ಣಕ್ಕೆ ಉದುರಿಸಿದ್ದಾದರೆ ಬರೀ ತರಕಾರಿ. ತಕ್ಕಡಿ ಹಿಡಿದು ಬದುಕುವ ನಮ್ಮಂಥವರಿಗೆ ಇದಕ್ಕಿಂತ ಸ್ಪಷ್ಟ ಉತ್ತರ ಬೇಕಿಲ್ಲ.

ಕ್ಲಿಂಟನ್ ಅಷ್ಟಕ್ಕೇ ನಿಲ್ಲಲಿಲ್ಲ. ಯುದ್ಧದ ದಿನಗಳಲ್ಲೇ ಲಾಸ್ ಏಂಜಲೀಸ್ ಪಕ್ಕದ ಪ್ಯಾಸಡೀನಾದಲ್ಲಿರುವ ಕ್ಯಾಲ್‌ಟೆಕ್ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಹೆನ್ರಿ ಬೋರ್ಸೂಕ್ ಅವರಿಗೆ ಹಣ ಕೊಟ್ಟು ಒಂದು ಕೆಲಸ ಒಪ್ಪಿಸಿದರು: ಐದು ಸೆಂಟ್ ಮೀರದ, ಯಾವ ಧರ್ಮದವರೂ ಬೇಡ ಎನ್ನದ ಪೌಷ್ಟಿಕ ಊಟ ಮಾಡಿಕೊಡಿ. ಸೋಯಾ ಮೂಲದ ಮಲ್ಟಿ ಪರ್ಪಸ್ ಫುಡ್ ಹುಟ್ಟಿತು. ಒಂದು ಊಟಕ್ಕೆ ಎರಡು ಔನ್ಸ್, ಮತ್ತೆ ಅದೇ 57 ಗ್ರಾಂ; ಖರ್ಚು ಮೂರು ಸೆಂಟ್. ಇದನ್ನು ಹಂಚಲು 1946ರಲ್ಲಿ ಕ್ಲಿಂಟನ್ ಮೀಲ್ಸ್ ಫಾರ್ ಮಿಲಿಯನ್ಸ್ ಸಂಸ್ಥೆ ಕಟ್ಟಿದರು. ಭಾರತಕ್ಕೂ ಆ ಆಹಾರ ಬಂತು.

ಮೈಸೂರಿನಲ್ಲಿ 1950ರ ಅಕ್ಟೋಬರಿನಲ್ಲಿ, ಚೆಲುವಾಂಬ ಅರಮನೆಯಲ್ಲಿ, ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. ನಮ್ಮ ಜನ ಸಿಎಫ್‌ಟಿಆರ್‌ಐ ಎಂದೇ ಕರೆಯುವ ಸಂಸ್ಥೆ. ವಿ. ಸುಬ್ರಹ್ಮಣ್ಯನ್ ಮೊದಲ ನಿರ್ದೇಶಕರು. ಇಲ್ಲಿಯ ವಿಜ್ಞಾನಿಗಳು ಸೋಯಾ ಬಿಟ್ಟು ನಮಗೆ ಪರಿಚಿತವಾದದ್ದನ್ನೇ ಹಿಡಿದರು: ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮುಕ್ಕಾಲು ಪಾಲು, ಕಡಲೆ ಹಿಟ್ಟು ಕಾಲು ಪಾಲು, ಜೊತೆಗೆ ವಿಟಮಿನ್ ಮತ್ತು ಸುಣ್ಣದ ಅಂಶ. ಇಂಡಿಯನ್ ಮಲ್ಟಿ ಪರ್ಪಸ್ ಫುಡ್ ಎಂದು ಹೆಸರಾಯಿತು. ಲಾಸ್ ಏಂಜಲೀಸಿನವರು ಊಟವೆಂದೇ ರೂಪಿಸಿದ ಪುಡಿ ಮೈಸೂರಿನಲ್ಲಿ ಅನ್ನ ಮುದ್ದೆಗಳ ಜೊತೆಗೆ ಸಾರಿಗೋ ತಿಂಡಿಗೋ ಬೆರೆಸುವ ಪೂರಕವಾಯಿತು. ಆಂಟ್ರೆ ಇಲ್ಲಿ ನೆಂಚಿಕೆಯಾಯಿತು. ಇದನ್ನು ಸೋಲೆಂದು ನಾವು ಎಣಿಸುವುದಿಲ್ಲ. ಅನ್ನ ಊಟವೆನ್ನುವ ಜನರಿಗೆ ಪುಡಿಯನ್ನು ಊಟವೆಂದು ಒಪ್ಪಿಸಲು ಹೋಗದೆ, ಅನ್ನದ ಪಕ್ಕ ಜಾಗ ಹುಡುಕಿಕೊಟ್ಟದ್ದು ಜಾಣತನ.

ಈಗ ನಮ್ಮ ಕೌಂಟರಿನ ಮಾತು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯ ಮೇಲೆ ‘ಊಟದ ಜೊತೆ’ ಎಂದು ಬರೆದು ಕೊಡುತ್ತೇವೆ. ಮರುತಿಂಗಳು ಬಂದ ಅಣ್ಣನ ಬಳಿ ಅರ್ಧ ಮಾತ್ರೆ ಉಳಿದಿರುತ್ತವೆ. ಯಾಕಣ್ಣಾ ಎಂದರೆ, ‘ರಾತ್ರಿ ಊಟ ಎಲ್ಲಿ ಮಾಡ್ತೀನಿ ಸಾರ್, ಎರಡು ಕುಬ್ಬೂಸು, ಏನೋ ಒಂದಿಷ್ಟು ಚೀಸು ತರಕಾರಿ, ಅಷ್ಟೇ’ ಎಂಬ ಉತ್ತರ. ಕುಬ್ಬೂಸು, ಮೈದಾ ಸಾಸ್, ಆಲೂಗಡ್ಡೆ ಎಲ್ಲ ಸೇರಿದರೆ ಸಕ್ಕರೆ ಏರಲು ಧಾರಾಳ ಸಾಕು. ಆದರೆ ಅನ್ನವಿಲ್ಲದ್ದರಿಂದ ಅವನ ಲೆಕ್ಕದಲ್ಲಿ ಅದು ಊಟವಲ್ಲ. ಇನ್ನೊಂದು ಬಗೆಯೂ ಇದೆ. ಟೆಟ್ರಾಸೈಕ್ಲಿನ್ ಮಾತ್ರೆ ನುಂಗುವ ಹೊತ್ತಿಗೆ ಹಾಲು, ಚೀಸ್ ಬೇಡ ಎಂದರೆ, ಸೈಡಿನಲ್ಲಿ ಬಂದ ಚೀಸನ್ನು ಹಲವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಅದಕ್ಕೇ ಈಗ ಕನ್ನಡದವರಿಗೆ ಬಾಯಿಬಿಟ್ಟು ಹೇಳುತ್ತೇವೆ: ಹೊಟ್ಟೆಗೆ ಗಟ್ಟಿಯಾದದ್ದು ಬಿದ್ದರೆ ಮಾತ್ರೆಯ ಮಟ್ಟಿಗೆ ಅದು ಊಟ, ಹೆಸರು ಏನೇ ಇರಲಿ.

ಚೀಸ್ ಬೇಕಿನ ವಿಷಯದಲ್ಲಿ ನಮ್ಮ ತೀರ್ಪು 1946ರ ತಕ್ಕಡಿಯ ಕಡೆಗೇ. ಒಬ್ಬನ ಪಾಲಿಗೆ 57 ಗ್ರಾಂ ಚೀಸ್, ಇಲ್ಲವೇ ಅರ್ಧ ಬಟ್ಟಲು ಕಡಲೆಯೋ ರಾಜ್ಮಾವೋ ಬಿದ್ದಿದ್ದರೆ ಮೇನ್, ಇಲ್ಲದಿದ್ದರೆ ಪಲ್ಯ. ಕ್ಯಾಂಪಿನ ಮೆಸ್ ಕಮಿಟಿಯಲ್ಲಿರುವ ಕನ್ನಡಿಗರು ಕೇಟರಿಂಗ್‌ನವರ ಮುಂದೆ ಕೂತಾಗ ಈ ಒಂದು ಸಾಲನ್ನು ಮೆನುವಿನಲ್ಲಿ ಬರೆಸಿಕೊಳ್ಳಲಿ. ನಮ್ಮ ಸಂಘದ ರಾಜ್ಯೋತ್ಸವದ ಊಟದ ಸಾಲಿನಲ್ಲಿ ಕಳೆದ ಸಲ ಆ ಟ್ರೇ ಸಲಾಡಿನ ಆಚೆ ಮೂಲೆಯಲ್ಲಿತ್ತು. ಈ ಸಲ ಬಿಸಿಬೇಳೆ ಬಾತಿನ ಪಕ್ಕಕ್ಕೆ ತರಬೇಕೆಂದು ಊಟದ ಸಮಿತಿಗೆ ಹೇಳಿದ್ದೇವೆ, ಕಡಲೆ ಸೇರಿಸಲು ಒಪ್ಪಿದ್ದಾರೆ.