ಮೂರು ಪಾಲಾದ ಉರ್ ನಗರ

ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಒಂದು ಮರದ ಪೆಟ್ಟಿಗೆ ಬಹುಕಾಲದಿಂದ ಬಿದ್ದಿತ್ತು. ಅದರೊಳಗೆ ಒಬ್ಬ ಮನುಷ್ಯನ ಅಸ್ಥಿಪಂಜರ. ಪೆಟ್ಟಿಗೆಗೆ ಚೀಟಿಯಿರಲಿಲ್ಲ, ಕ್ರಮಸಂಖ್ಯೆಯೂ ಇರಲಿಲ್ಲ. ಆತ ಯಾರು, ಯಾವ ಕಾಲದವನು, ಯಾವ ದೇಶದಿಂದ ಬಂದವನು ಎಂಬುದು ಅಲ್ಲಿನ ಯಾರಿಗೂ ತಿಳಿದಿರಲಿಲ್ಲ.

2014ರಲ್ಲಿ ಅದು ತಿಳಿಯಿತು. ಆತ ಸುಮಾರು 6,500 ವರ್ಷಗಳ ಹಿಂದೆ ಈಗಿನ ದಕ್ಷಿಣ ಇರಾಕಿನಲ್ಲಿ ಬದುಕಿದ್ದವನು. 1929-30ರ ಉತ್ಖನನದಲ್ಲಿ ದೊರೆತು, ಹಡಗೇರಿ ಅಮೆರಿಕಕ್ಕೆ ಬಂದು, ಸುಮಾರು 85 ವರ್ಷ ಅಜ್ಞಾತವಾಸದಲ್ಲಿದ್ದವನು. ವಿಶೇಷವೆಂದರೆ, ಆತನನ್ನು ಪತ್ತೆ ಮಾಡಿಸಿದ್ದು ಹೊಸ ಅಗೆತವಲ್ಲ. ಹಳೆಯ ಕಾಗದಪತ್ರಗಳನ್ನು ಅಂತರ್ಜಾಲಕ್ಕೆ ಏರಿಸುವ ಕೆಲಸ.

ಪುರಾತತ್ವದ ಒಂದು ಕಟುಸತ್ಯ ಈ ಘಟನೆಯ ಹಿಂದಿದೆ. ಒಂದು ನೆಲೆಯನ್ನು ಒಮ್ಮೆ ಮಾತ್ರ ಅಗೆಯಲು ಸಾಧ್ಯ. ಅಗೆಯುತ್ತ ಹೋದಂತೆ ಆ ನೆಲೆ ನಾಶವಾಗುತ್ತದೆ. ಕೊನೆಗೆ ಉಳಿಯುವುದು ದೊರೆತ ವಸ್ತುಗಳು ಮತ್ತು ಅವು ಎಲ್ಲಿ, ಯಾವುದರ ಪಕ್ಕದಲ್ಲಿ ದೊರೆತವೆಂದು ಬರೆದಿಟ್ಟ ದಾಖಲೆ. ಇವೆರಡೂ ಒಂದನ್ನೊಂದು ಅಗಲಿದರೆ ಚಿನ್ನದ ಕಿರೀಟವೂ ಬರಿಯ ಒಡವೆಯಾಗುತ್ತದೆ, ಮನುಷ್ಯನೂ ಬರಿಯ ಎಲುಬಿನ ಗೂಡಾಗುತ್ತಾನೆ.

ಡಾಂಬರಿನ ದಿಬ್ಬ

ಇರಾಕಿನ ನಾಸಿರಿಯಾ ಪಟ್ಟಣದ ಸಮೀಪ 'ತೆಲ್ ಅಲ್ ಮುಕಯ್ಯರ್' ಎಂಬ ದಿಬ್ಬವಿದೆ. ಹೆಸರಿನ ಅರ್ಥ ಡಾಂಬರಿನ ದಿಬ್ಬ. ಅಲ್ಲಿನ ಪ್ರಾಚೀನರು ಇಟ್ಟಿಗೆಗಳನ್ನು ನೈಸರ್ಗಿಕ ಡಾಂಬರಿನಿಂದ ಬೆಸೆಯುತ್ತಿದ್ದರು. 1850ರ ದಶಕದಲ್ಲಿ ಬಸ್ರಾದಲ್ಲಿದ್ದ ಬ್ರಿಟಿಷ್ ಅಧಿಕಾರಿ ಜೆ. ಇ. ಟೇಲರ್ ಇಲ್ಲಿನ ಮೆಟ್ಟಿಲುಗೋಪುರದ ಮೂಲೆಗಳಲ್ಲಿ ಮಣ್ಣಿನ ಉರುಳೆಗಳನ್ನು ಕಂಡ. ಅವುಗಳ ಮೇಲೆ ಬೆಣೆಲಿಪಿಯ ಬರಹವಿತ್ತು. ಅದನ್ನು ಓದಿದಾಗ ಇದು ಸುಮೇರಿಯನ್ನರ ಪ್ರಸಿದ್ಧ ನಗರ 'ಉರ್' ಎಂದು ಗೊತ್ತಾಯಿತು. ಬೈಬಲಿನಲ್ಲಿ ಅಬ್ರಹಾಮನ ಊರೆಂದು ಹೇಳಿರುವುದು ಇದನ್ನೇ ಎಂದು ಹಲವರ ನಂಬಿಕೆ.

ಈ ಹೆಸರು ಕೇಳಿದ ಕನ್ನಡಿಗರಿಗೆ ತಟ್ಟನೆ ನಮ್ಮ 'ಊರು' ನೆನಪಾಗುವುದು ಸಹಜ. ಆದರೆ ಸುಮೇರಿಯನ್ನರ ಬಾಯಲ್ಲಿ ಆ ನಗರದ ಹೆಸರು 'ಉರಿಮ್' ಎಂದಿತ್ತು. ಬರಿಯ ಉಚ್ಚಾರ ಸಾಮ್ಯದಿಂದ ಎರಡು ಭಾಷೆಗಳ ಸಂಬಂಧ ಸಿದ್ಧವಾಗುವುದಿಲ್ಲ.

1922ರಲ್ಲಿ ಬ್ರಿಟಿಷ್ ಮ್ಯೂಸಿಯಂ ಮತ್ತು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಜೊತೆಗೂಡಿ ಲಿಯೊನಾರ್ಡ್ ವೂಲಿಯ ನೇತೃತ್ವದಲ್ಲಿ ಉತ್ಖನನ ಆರಂಭಿಸಿದವು. ಅದು 1934ರವರೆಗೆ ಹನ್ನೆರಡು ಋತುಗಳ ಕಾಲ ನಡೆಯಿತು. ಮೊದಲ ಋತುವಿನಲ್ಲೇ ಒಂದು ಕಂದಕದಲ್ಲಿ ಚಿನ್ನದ ಮಣಿಗಳು ಕಂಡವು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಯೇ ಮುಗಿಬೀಳುತ್ತಿದ್ದರು. ವೂಲಿ ಆ ಜಾಗವನ್ನು ಹಾಗೆಯೇ ಬಿಟ್ಟ. ತನ್ನ ಕೆಲಸಗಾರರು ಇನ್ನೂ ಪಳಗಿಲ್ಲ, ಅವಸರದಲ್ಲಿ ಅಗೆದರೆ ಸಿಗುವುದಕ್ಕಿಂತ ಕಳೆಯುವುದೇ ಹೆಚ್ಚು ಎಂದು ನಾಲ್ಕು ವರ್ಷ ಕಾದ.

ಕಾದದ್ದು ಸಾರ್ಥಕವಾಯಿತು. ಅಲ್ಲಿ ಸುಮಾರು 1,850 ಗೋರಿಗಳಿದ್ದವು. ಅವುಗಳಲ್ಲಿ 16ನ್ನು ವೂಲಿ 'ರಾಜಗೋರಿ'ಗಳೆಂದು ಕರೆದ. ಕಾಲ ಕ್ರಿ. ಪೂ. 2500ರ ಆಸುಪಾಸು. ಒಂದರಲ್ಲಿ ಪುವಾಬಿ ಎಂಬ ರಾಣಿ ಚಿನ್ನದ ಎಲೆಗಳ ಶಿರೋಭೂಷಣ ಧರಿಸಿ ಮಲಗಿದ್ದಳು. ಮತ್ತೊಂದು ಗುಂಡಿಯಲ್ಲಿ 74 ಮಂದಿ ಪರಿಚಾರಕರ ದೇಹಗಳು ಸಾಲಾಗಿ ಇದ್ದವು. ಅವರಲ್ಲಿ 68 ಮಂದಿ ಹೆಂಗಸರು. ಒಡೆಯನ ಜೊತೆಗೆ ಇವರೂ ಮರಣಕ್ಕೆ ಒಳಗಾದವರು. ಅವರ ಬಳಿಯೇ ವೀಣೆಯನ್ನು ಹೋಲುವ 'ಲೈರ್' ಎಂಬ ತಂತಿವಾದ್ಯಗಳೂ ಇದ್ದವು. ಉರ್‌ನ ಇಂಥ ವಾದ್ಯಗಳ ಮರ ಎಂದೋ ಕೊಳೆತುಹೋಗಿತ್ತು. ಆದರೆ ಮರ ಇದ್ದ ಕಡೆ ಮಣ್ಣಿನಲ್ಲಿ ಟೊಳ್ಳು ಉಳಿದಿತ್ತು. ವೂಲಿ ಆ ಟೊಳ್ಳಿನೊಳಗೆ ಪ್ಲಾಸ್ಟರ್ ಸುರಿದು ವಾದ್ಯದ ಆಕಾರವನ್ನು ಮರಳಿ ಪಡೆದ. ಇಲ್ಲದ ವಸ್ತುವನ್ನು ಅದರ ಖಾಲಿ ಜಾಗದಿಂದ ಹಿಡಿದು ತಂದ ಜಾಣ್ಮೆ ಅದು.

ಹಿಸ್ಸೆಯಾದ ಆಸ್ತಿ

ಆಗಿನ ಕಾನೂನಿನಂತೆ ದೊರೆತದ್ದರಲ್ಲಿ ಇರಾಕಿಗೆ ಅರ್ಧ ಪಾಲು. ಉಳಿದ ಅರ್ಧ ಲಂಡನ್ ಮತ್ತು ಫಿಲಡೆಲ್ಫಿಯಾಗಳಿಗೆ ಹಂಚಿಹೋಗುತ್ತಿತ್ತು. ಅಣ್ಣತಮ್ಮಂದಿರು ಬೇರೆಯಾದಾಗ ಮನೆಯ ಪಾತ್ರೆಪಗಡಗಳು ಮೂರು ಕಡೆ ಹೋಗುವಂತೆ ಉರ್ ನಗರ ಮೂರು ಪಾಲಾಯಿತು. ಆ 74 ಮಂದಿಯ ಗುಂಡಿಯಲ್ಲಿದ್ದ ಲೈರ್‌ಗಳಲ್ಲಿ ಒಂದು ಬಾಗ್ದಾದಿಗೆ, ಒಂದು ಲಂಡನ್ನಿಗೆ, ಒಂದು ಫಿಲಡೆಲ್ಫಿಯಾಕ್ಕೆ ಹೋಯಿತು. ಗಿಡಕ್ಕೆ ಮುಂಗಾಲು ಚಾಚಿ ನಿಂತ ಚಿನ್ನದ ಹೋತಗಳು ಅಲ್ಲಿ ಜೋಡಿಯಾಗಿ ಸಿಕ್ಕಿದ್ದವು. ಒಂದು ಈಗ ಬ್ರಿಟನ್ನಿನಲ್ಲಿ, ಇನ್ನೊಂದು ಅಮೆರಿಕದಲ್ಲಿ. ವಸ್ತುಗಳಷ್ಟೇ ಅಲ್ಲ, ದಿನಚರಿಯ ಟಿಪ್ಪಣಿ, ಛಾಯಾಚಿತ್ರ, ಪತ್ರಗಳೂ ಚದುರಿದವು.

ಇದರಿಂದ ವಿದ್ವಾಂಸರಿಗೆ ಆದ ತೊಂದರೆ ಅಷ್ಟಿಷ್ಟಲ್ಲ. ಒಂದೇ ಗೋರಿಯ ಸಾಮಗ್ರಿಯನ್ನು ಒಟ್ಟಾಗಿ ನೋಡಬೇಕಾದರೆ ಮೂರು ಖಂಡ ಸುತ್ತಬೇಕಿತ್ತು. ಉರ್ ಯಾರ ನೆಲದಲ್ಲಿದೆಯೋ ಆ ಇರಾಕಿನ ವಿದ್ಯಾರ್ಥಿಗಂತೂ ಅದು ಕನಸಿನ ಮಾತು. 2003ರ ಏಪ್ರಿಲ್‌ನಲ್ಲಿ, ಯುದ್ಧದ ಗೊಂದಲದ ನಡುವೆ, ಬಾಗ್ದಾದಿನ ವಸ್ತುಸಂಗ್ರಹಾಲಯವೇ ಲೂಟಿಯಾಯಿತು. ಸುಮಾರು 15,000 ವಸ್ತುಗಳು ಹೋದವು. ಸಾವಿರಾರು ಮರಳಿ ಬಂದಿವೆ, ಸಾವಿರಾರು ಬಂದಿಲ್ಲ. ಬಾಗ್ದಾದಿನ ಪಾಲಿಗೆ ಬಂದಿದ್ದ ಲೈರ್ ಕೂಡ ಆಗ ಮುರಿಯಿತು. ಕಳುವಾದ ವಸ್ತು ತನ್ನದೆಂದು ಒಂದು ದೇಶ ಸಾಧಿಸಬೇಕಾದರೂ ಅದಕ್ಕೆ ಮೊದಲು ಬೇಕಾದದ್ದು ಚಿತ್ರ ಮತ್ತು ದಾಖಲೆ.

ಪೆಟ್ಟಿಗೆ ತೆರೆದದ್ದು

ಈ ಹಿನ್ನೆಲೆಯಲ್ಲಿ ಬ್ರಿಟಿಷ್ ಮ್ಯೂಸಿಯಂ ಮತ್ತು ಪೆನ್ಸಿಲ್ವೇನಿಯಾ ವಸ್ತುಸಂಗ್ರಹಾಲಯಗಳು ಉರ್‌ನ ವಸ್ತು, ಚಿತ್ರ, ಟಿಪ್ಪಣಿಗಳನ್ನೆಲ್ಲ ಸೇರಿಸಿ 'ಉರ್ ಆನ್‌ಲೈನ್' ಎಂಬ ಅಂತರ್ಜಾಲ ಸಂಗ್ರಹವನ್ನು ಕಟ್ಟಲು ಕೈಹಾಕಿದವು. ಈ ಕೆಲಸದಲ್ಲಿದ್ದ ವಿಲಿಯಂ ಹ್ಯಾಫರ್ಡ್ ಎಂಬ ವಿದ್ವಾಂಸ 1929-30ರ ಪಾಲುಪಟ್ಟಿಯನ್ನು ಓದುತ್ತಿದ್ದಾಗ ಫಿಲಡೆಲ್ಫಿಯಾದ ಪಾಲಿನಲ್ಲಿ ಒಂದು ತಟ್ಟೆ 'ಪ್ರಳಯದ ಮಣ್ಣು' ಮತ್ತು ಎರಡು ಅಸ್ಥಿಪಂಜರಗಳ ಉಲ್ಲೇಖ ಕಂಡಿತು. ಹುಡುಕಿದರೆ, ಆ ಎರಡರಲ್ಲಿ ಒಂದು ಎಲ್ಲಿದೆಯೆಂಬುದೇ ಲೆಕ್ಕಕ್ಕೆ ಸಿಗುತ್ತಿಲ್ಲವೆಂದು ಸಂಗ್ರಹಾಲಯದ ಪುಸ್ತಕ 1990ರಲ್ಲೇ ಹೇಳಿತ್ತು.

ಹ್ಯಾಫರ್ಡ್ ಮಾನವಶಾಸ್ತ್ರ ವಿಭಾಗದ ಜಾನೆಟ್ ಮಾಂಜ್ ಅವರನ್ನು ವಿಚಾರಿಸಿದರು. ಗುರುತಿಲ್ಲದ ಪೆಟ್ಟಿಗೆಯೊಂದು ನೆಲಮಾಳಿಗೆಯಲ್ಲಿರುವುದು ಅವರಿಗೆ ಗೊತ್ತಿತ್ತು. ತೆರೆದು ನೋಡಿದರೆ ವೂಲಿಯ ಟಿಪ್ಪಣಿ, ಚಿತ್ರಗಳಿಗೆ ಎಲ್ಲವೂ ತಾಳೆಯಾಯಿತು. ವೂಲಿ ಸುಮಾರು 50 ಅಡಿ ಆಳಕ್ಕೆ ಇಳಿದ ಗುಂಡಿಯಲ್ಲಿ ಹತ್ತಡಿಗೂ ದಪ್ಪದ ನೆರೆಮಣ್ಣಿನ ಪದರವನ್ನು ಕಂಡಿದ್ದ. ಅದು ಬೈಬಲಿನ ಜಲಪ್ರಳಯದ್ದೇ ಎಂದು ಆತ ನಂಬಿದ. ಈಗಿನ ವಿದ್ವಾಂಸರು ಅದನ್ನು ಆ ಪ್ರದೇಶದ ನದಿಯ ನೆರೆಯೆಂದೇ ಎಣಿಸುತ್ತಾರೆ. ಆ ಪದರದೊಳಗೆ ತೋಡಿದ 48 ಗೋರಿಗಳಲ್ಲಿ ಒಂದರ ಎಲುಬು ಮಾತ್ರ ಎತ್ತುವಷ್ಟು ಗಟ್ಟಿಯಾಗಿತ್ತು. ಮೇಣ ಸವರಿ, ಅಡಿಯ ಮಣ್ಣಿನ ಸಮೇತ ಎತ್ತಿ ಕಳಿಸಿದ್ದು ಅದನ್ನೇ. ಪ್ರಳಯದ ನಂತರ ಬದುಕಿದವನೆಂದು ಸಂಗ್ರಹಾಲಯದವರು ಆತನಿಗೆ ವಿನೋದವಾಗಿ 'ನೋವಾ' ಎಂದು ಹೆಸರಿಟ್ಟರು. ಹೀಗೆ ಕಾಗದ ಮತ್ತು ಎಲುಬು ಒಂದೇ ಕಟ್ಟಡದಲ್ಲಿದ್ದವು. ಅವೆರಡರ ನಡುವಿನ ನಂಟು ಮಾತ್ರ ಕಡಿದುಹೋಗಿತ್ತು.

ಮನೆಯಲ್ಲೇ ಕುಳಿತ ಓದುಗನಿಗೆ

ಇಂದು ಧಾರವಾಡದಲ್ಲೋ ತೀರ್ಥಹಳ್ಳಿಯಲ್ಲೋ ಕುಳಿತ ಓದುಗನೂ ಈ ಸಂಗ್ರಹದೊಳಗೆ ಹೋಗಬಹುದು. ಚಿನ್ನವನ್ನಷ್ಟೇ ನೋಡಿ ಹಿಂದಿರುಗುವುದು ಬೇಡ. ಉರ್‌ನ ಒಂದು ಮನೆಯಲ್ಲಿ ದೊರೆತ ಮಣ್ಣಿನ ಪತ್ರವೊಂದಿದೆ. ಕ್ರಿ. ಪೂ. 1750ರ ಸುಮಾರಿಗೆ ನಾನಿ ಎಂಬಾತ ಈಯಾ-ನಾಸಿರ್ ಎಂಬ ತಾಮ್ರದ ವ್ಯಾಪಾರಿಗೆ ಬರೆದದ್ದು. ಹೇಳಿದ್ದೊಂದು, ಕೊಟ್ಟದ್ದು ಕಳಪೆ, ನನ್ನ ಆಳುಗಳಿಗೆ ಅವಮಾನ ಬೇರೆ, ಹಣ ವಾಪಸು ಮಾಡು ಎಂಬುದು ಅದರ ಸಾರ. ಸುಮಾರು 3,750 ವರ್ಷಗಳ ಹಿಂದಿನ ಈ ಗಿರಾಕಿಯ ಸಿಟ್ಟು ನಮ್ಮ ಸಂತೆಯ ಜಗಳಕ್ಕಿಂತ ಬೇರೆಯಲ್ಲ.

ನಮ್ಮ ನೆಲದ ನಂಟೂ ಅಲ್ಲಿದೆ. ರಾಜಗೋರಿಗಳಲ್ಲಿ ದೊರೆತ, ಬಿಳಿಯ ಗೆರೆ ಕೊರೆದ ಕೆಂಪು ಕಲ್ಲಿನ ಮಣಿಗಳು ಸಿಂಧೂ ನಾಗರಿಕತೆಯ ಕುಶಲಕರ್ಮಿಗಳ ಕೈಚಳಕ. ಸಿಂಧೂ ಶೈಲಿಯ ಮುದ್ರೆಗಳೂ ಉರ್‌ನಲ್ಲಿ ಸಿಕ್ಕಿವೆ. ಸಿ. ಜೆ. ಗ್ಯಾಡ್ ಅವುಗಳ ಬಗ್ಗೆ 1932ರಲ್ಲೇ ಬರೆದರು. ಮೆಸೊಪೊಟೇಮಿಯದ ಬರಹಗಳಲ್ಲಿ ಬರುವ 'ಮೆಲುಹ್ಹ' ದೇಶ ಸಿಂಧೂ ಪ್ರದೇಶವೇ ಇರಬೇಕೆಂದು ಬಹುತೇಕ ವಿದ್ವಾಂಸರ ಅಭಿಪ್ರಾಯ. ಬೆಣೆಲಿಪಿಯ ಬರಹಗಳಿಗೆಂದೇ ಇರುವ ಇನ್ನೊಂದು ಅಂತರ್ಜಾಲ ಗ್ರಂಥಾಲಯದಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಫಲಕಗಳ ವಿವರಗಳಿವೆ.

ಇಂಥ ಕಡೆ ಹೋದವರು ಪ್ರತಿ ಚಿತ್ರದ ಕೆಳಗೆ ಮೂರು ಸಂಗತಿಗಳನ್ನು ಹುಡುಕಬೇಕು. ಎಲ್ಲಿ ಸಿಕ್ಕಿತು, ಯಾವುದರ ಜೊತೆ ಸಿಕ್ಕಿತು, ಯಾರು ದಾಖಲಿಸಿದರು. ಈ ಮೂರಕ್ಕೂ ಉತ್ತರವಿಲ್ಲದ ಚಿತ್ರ ಎಷ್ಟೇ ಸುಂದರವಾಗಿದ್ದರೂ ಅದರಿಂದ ಇತಿಹಾಸ ಹೇಳಲು ಹೊರಡಬಾರದು.

ಚಿತ್ರವೊಂದೇ ಸಾಲದು

ಹಾಗೆಂದು ಚಿತ್ರ ಸಿಕ್ಕಿತಲ್ಲ, ಮೂಲವಸ್ತು ಇದ್ದರೇನು ಹೋದರೇನು ಎನ್ನುವಂತಿಲ್ಲ. ಆ 74 ಮಂದಿ ವಿಷ ಕುಡಿದು ಶಾಂತವಾಗಿ ಪ್ರಾಣ ಬಿಟ್ಟರೆಂದು ವೂಲಿ ಊಹಿಸಿದ್ದ. ರಾಜಗೋರಿಗಳ ಎರಡು ತಲೆಬುರುಡೆಗಳು ಫಿಲಡೆಲ್ಫಿಯಾದಲ್ಲಿದ್ದವು. 2009ರ ಹೊತ್ತಿಗೆ ಅವನ್ನು ಸಿ.ಟಿ. ಸ್ಕ್ಯಾನ್ ಮಾಡಿದಾಗ ಮೊನಚಾದ ಆಯುಧದಿಂದ ತಲೆಗೆ ಹೊಡೆದು ಕೊಂದ ಗುರುತು ಕಂಡಿತು. ವೂಲಿಯ ಕಾಲದ ಛಾಯಾಚಿತ್ರವನ್ನು ಎಷ್ಟು ನೋಡಿದರೂ ಇದು ತಿಳಿಯುತ್ತಿರಲಿಲ್ಲ. ಹೊಸ ಪ್ರಶ್ನೆ ಕೇಳಲು ಮೂಲವೇ ಬೇಕು. ಮೂಲವನ್ನು ಹುಡುಕಲು, ಹಂಚಿಕೊಳ್ಳಲು ದಾಖಲೆ ಬೇಕು.

ಇದು ದೂರದ ಇರಾಕಿನ ಮಾತು ಮಾತ್ರವಲ್ಲ. ಬಿ. ಎಲ್. ರೈಸ್ ಅವರ 'ಎಪಿಗ್ರಾಫಿಯ ಕರ್ನಾಟಿಕ' ಸಂಪುಟಗಳಲ್ಲಿ ಅಚ್ಚಾಗಿರುವ ಎಷ್ಟೋ ಕಲ್ಲುಗಳು ಇಂದು ಹುಡುಕಿದರೂ ಸಿಗುವುದಿಲ್ಲ. ರಸ್ತೆಗೋ ತಳಪಾಯಕ್ಕೋ ಹೋಗಿವೆ. ರೈಸ್ ಬರೆದಿಟ್ಟದ್ದರಿಂದ ಪಾಠವಾದರೂ ಉಳಿಯಿತು. 2018ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ ಎಂಟನೆಯ ಶತಮಾನದ ವೀರಗಲ್ಲು ಹೊರಬಂದದ್ದು ಚರಂಡಿ ಕಾಮಗಾರಿಯಲ್ಲಿ. ಬೆಂಗಳೂರಿನ ಮಿಥಿಕ್ ಸೊಸೈಟಿ ಈ ಭಾಗದ ಶಾಸನಗಳನ್ನು ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ ಇಡುತ್ತಿರುವುದು ಆದ್ದರಿಂದಲೇ ಮಹತ್ವದ ಕೆಲಸ. ಆದರೆ ಸ್ಕ್ಯಾನ್ ಆಯಿತೆಂದು ಕಲ್ಲನ್ನು ಬಿಸಿಲಿಗೂ ಜೆಸಿಬಿಗೂ ಬಿಟ್ಟುಬಿಟ್ಟರೆ ಅರ್ಧ ಕೆಲಸ ಮಾತ್ರ ಆದಂತೆ.

ಉರ್‌ನಲ್ಲೇ ದೊರೆತ ಒಂದು ವಸ್ತುವಿನೊಂದಿಗೆ ಈ ಮಾತು ಮುಗಿಸಬಹುದು. ಬ್ಯಾಬಿಲೋನಿನ ದೊರೆ ನಬೊನಿಡಸನ ಮಗಳು, ಕ್ರಿ. ಪೂ. ಆರನೆಯ ಶತಮಾನದಲ್ಲಿ ಅಲ್ಲಿ ದೇವತಾಸೇವೆಗೆ ನಿಂತವಳು. ಆಕೆಯ ನಿವಾಸದ ಕೋಣೆಯಲ್ಲಿ ವೂಲಿಗೆ ಬೇರೆ ಬೇರೆ ಶತಮಾನಗಳ ವಸ್ತುಗಳು ಒಟ್ಟಿಗೆ ಸಿಕ್ಕವು. ಆತ ಅದನ್ನು ಜಗತ್ತಿನ ಮೊದಲ ವಸ್ತುಸಂಗ್ರಹಾಲಯವೆಂದ. ಎಲ್ಲರೂ ಅದನ್ನು ಒಪ್ಪುವುದಿಲ್ಲ. ಆದರೆ ಅಲ್ಲಿದ್ದ ಮಣ್ಣಿನ ಉರುಳೆಯೊಂದು ತಾನೇ ಮಾತನಾಡುತ್ತದೆ. ಅದು ಉರ್‌ನ ಹಳೆಯ ದೊರೆ ಅಮರ್-ಸಿನ್‌ನ ಇಟ್ಟಿಗೆಯ ಬರಹದ ನಕಲು. ಹಾಳು ಕಟ್ಟಡದಲ್ಲಿ ಸಿಕ್ಕ ಇಟ್ಟಿಗೆಯನ್ನು ಕಂಡು, ನೋಡುವವರು ಬೆರಗಾಗಲಿ ಎಂದು ಬರೆದುಕೊಂಡೆ ಎಂಬ ಅರ್ಥದ ಮಾತನ್ನು ನಕಲು ಮಾಡಿದ ಅರ್ಚಕ ಅದರಲ್ಲಿ ಸೇರಿಸಿದ್ದಾನೆ. ಎಲ್ಲಿ ಸಿಕ್ಕಿತು, ಯಾರು ಬರೆದರು, ಏಕೆ ಬರೆದರು ಎಂಬುದೆಲ್ಲ ಆ ಉರುಳೆಯಲ್ಲಿದೆ. ಫಿಲಡೆಲ್ಫಿಯಾದ ಪೆಟ್ಟಿಗೆಗೆ 85 ವರ್ಷ ಇಲ್ಲದೆ ಹೋದದ್ದು ಅಂಥದೊಂದು ಚೀಟಿಯೇ.